ಥಾಮಸನ ಗುರುತಿನ ಮೇಲೆ ಕುಂಕುಮ

"ಹಲೋ... ಹಲೋ, ಯಾರು ಮಾತಾಡ್ತಿರೋದು? ಕಸ್ತೂರಿ ಆಂಟೀನಾ?... ಆಂಟಿ, ನಾನು ಪ್ರಣತಿ. ಬ್ರಿಸ್ಬೇನಿಂದ. ಮೈಸೂರು ಸೋಮಶೇಖರ ಅವ್ರ ಮಗಳು... ಹಾಂ, ಚೆನ್ನಾಗಿದೀನಿ. ಅಲ್ಲ, ಚೆನ್ನಾಗಿಲ್ಲ. ನಿಮ್ಮ ತಂದೆ ಇದಾರಾ? ಅಂಕಲ್ ಹತ್ರಾನೇ ಮಾತಾಡ್ಬೇಕಿತ್ತು, ಅರ್ಜೆಂಟು."

…

ಪ್ರಣತಿ ಬಟ್ಟೆ ಒಗೆಯುವ ಕೋಣೆಯ ಬಾಗಿಲು ಹಾಕಿಕೊಂಡು ವಾಷಿಂಗ್ ಮಷೀನಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಬ್ರಿಸ್ಬೇನಿನ ಪಶ್ಚಿಮಕ್ಕಿರುವ ಇಪ್ಸ್‌ವಿಚ್‌ನಲ್ಲಿ ಮಧ್ಯಾಹ್ನ ಒಂದೂವರೆ. ಅತ್ತ ಪರ್ತ್‌ನ ಮೋರ್ಲಿಯಲ್ಲಿ ಇನ್ನೂ ಹನ್ನೊಂದೂವರೆ. ಅಲ್ಲಿ ಮಗಳ ಮನೆಯಲ್ಲಿರುವ ಶ್ರೀಕಂಠಯ್ಯನವರು ಮೂವತ್ತು ವರ್ಷ ಮೈಸೂರಿನಲ್ಲಿ ತಾಳೆಗರಿ, ಹಳೆಯ ಕಾಗದಗಳನ್ನು ಕಾಪಾಡುವ ಕೆಲಸ ಮಾಡಿ ನಿವೃತ್ತರಾದವರು. ಅವರು ಫೋನಿನಲ್ಲಿ ಏನು ಹೇಳಿದರೋ ನಮಗೆ ಕೇಳಿಸದು. ಕೇಳಿಸುವುದು ಈ ಹುಡುಗಿಯ ಮಾತಷ್ಟೇ.

"ಅಂಕಲ್, ನಮಸ್ಕಾರ... ಹಾಂ, ಹಬ್ಬ ನಡೀತಿದೆ. ಅಂಕಲ್, ಒಂದು ಡೌಟು. ಹಳೇ ಪತ್ರದ ಮೇಲೆ ಕುಂಕುಮ ಅಂಟಿದ್ರೆ ತೆಗೆಯೋದು ಹೇಗೆ?... ನಂದಲ್ಲ, ಫ್ರೆಂಡ್‌ದು."

…

"ಎಷ್ಟು ಹಳೇದಾ? ಸಾವಿರದ ಏಳುನೂರ ಹನ್ನೆರಡು... ಹಾಂ, ಇಸವೀನೇ ಅಂಕಲ್. ಮುನ್ನೂರು ವರ್ಷದ ಮೇಲೆ... ಹಲೋ? ಇದೀರಾ? ಹಲೋ?"

…

"ಕಾಗದ ಅಲ್ಲ. ಚರ್ಮ. ಕುರಿ ಚರ್ಮಾನ ಹದ ಮಾಡಿ ಅದರ ಮೇಲೆ ಬರೆದಿರೋದು. ಸ್ವಲ್ಪ ಮೆಲ್ಲಗೆ ಮಾತಾಡ್ತೀನಿ, ಅಮ್ಮ ಹಾಲಲ್ಲಿದಾರೆ. ಅವ್ರಿಗೆ ಅದು ಚರ್ಮ ಅಂತ ಇನ್ನೂ ಹೇಳಿಲ್ಲ. ಹೇಳಿದ್ರೆ ದೇವರ ಪೀಠ, ಮನೆ, ನನ್ನ, ಎಲ್ಲಾನೂ ತೊಳೆದುಬಿಡ್ತಾರೆ."

…

"ಹೂಂ... ಫ್ರೆಂಡ್‌ದಲ್ಲ ಅಂಕಲ್. ನಾನೇ ತಂದಿದ್ದು."

ಹೇಳಿಬಿಟ್ಟ ಮೇಲೆ ಅವಳಿಗೆ ಅಳು ಬಂತು. ಮೂಗು ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಒಣಗಲು ಹಾಕಿದ್ದ ಕಾಲುಚೀಲ. ಅದರಲ್ಲೇ ಒರೆಸಿಕೊಂಡಳು.

"ಮಾರ್ಗರೆಟ್ ಅಂತ ಒಬ್ರು ಅಜ್ಜಿ ಇದಾರೆ, ಮಾರ್ಗರೆಟ್ ಗ್ರೆಂಡನ್. ಎಂಬತ್ನಾಲ್ಕು ವರ್ಷ. ಕಾಲೇಜು ಮುಗಿಸ್ಕೊಂಡು ವಾರಕ್ಕೆ ಮೂರು ದಿನ ಅವ್ರ ಮನೆಗೆ ಹೋಗ್ತೀನಿ. ಅವ್ರ ವಂಶದ ಹಳೇ ಉಯಿಲು, ಜಮೀನಿನ ಪತ್ರ ಎಲ್ಲಾ ಓದಿ ವಂಶವೃಕ್ಷ ಬರೆದುಕೊಡೋ ಕೆಲಸ. ಎಂಟು ತಿಂಗಳಾಯ್ತು... ಇಲ್ಲ ಅಂಕಲ್, ರಾಜರೂ ಅಲ್ಲ, ಜಮೀನ್ದಾರ್ರೂ ಅಲ್ಲ. ಯೋಮನ್ ಅಂತಾರೆ. ಸ್ವಂತ ನೆಲಾನ ತಾವೇ ಉಳೋರು. ನಮ್ಮ ಕಡೆ ಪಟೇಲರಿಗಿಂತ ಒಂದು ಮೆಟ್ಟಿಲು ಕೆಳಗೆ, ಅಲ್ವಾ, ಹಾಗೆ."

…

ಈ ಎಂಟು ತಿಂಗಳಲ್ಲಿ ಪ್ರಣತಿ ಗ್ರೆಂಡನ್ನರ ಮನೆಯವಳೇ ಆಗಿಹೋಗಿದ್ದಳು. ಹಿರಿಯ ಮಗನಿಗೆ ಮೇಲಿನ ಹೊಲ, ಕಿರಿಯವನಿಗೆ ಎರಡು ಎತ್ತು, ಹೆಂಡತಿಗೆ ತಾನು ಮಲಗುತ್ತಿದ್ದ ಹಾಸಿಗೆ, ಮಗಳಿಗೆ ಚುಕ್ಕೆ ಹಸು ಎಂದು ಬರೆದಿಟ್ಟು ಸತ್ತವರ ಐದು ಉಯಿಲುಗಳು ಅವಳಿಗೆ ಬಾಯಿಪಾಠ. ಆದರೆ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಇಬ್ಬರು ಥಾಮಸ್ ಗ್ರೆಂಡನ್ ಇದ್ದರು. ಮಾರ್ಗರೆಟ್ ಯಾವ ಥಾಮಸನ ಕುಡಿ ಎಂಬುದೇ ಜಗಳ. ಅಡಿಲೇಡಿನ ದಾಯಾದಿಗಳು, ನಮ್ಮವನೇ ಬೇರೆ, ನಿಮ್ಮವನೇ ಬೇರೆ ಎಂದು ಮೊದಲಿನಿಂದಲೂ ಮೂಗು ಮುರಿಯುತ್ತಿದ್ದರು.

"ಪ್ರೂಫ್ ಇರೋದು ಇದೊಂದರಲ್ಲೇ ಅಂಕಲ್. ಹಿಂದೆ ಒಂದೇ ಚರ್ಮದ ಮೇಲೆ ಕರಾರನ್ನ ಎರಡು ಸಲ ಬರೆದು, ಮಧ್ಯೆ ಅಂಕುಡೊಂಕಾಗಿ ಕತ್ತರಿಸಿ, ಇಬ್ರೂ ಒಂದೊಂದು ಇಟ್ಕೊಳ್ತಿದ್ರು. ಮೋಸ ಆಗ್ಬಾರ್ದು ಅಂತ. ಒಂದು ಭಾಗ ಮಾರ್ಗರೆಟ್ ಹತ್ರ. ಇನ್ನೊಂದು ಅಡಿಲೇಡಲ್ಲಿ, ಕಿಲ್ಬರ್ನ್ ಅನ್ನೋ ಕಡೆ ದಾಯಾದಿಗಳ ಮನೇಲಿದೆ. ಭಾನುವಾರ ಅಲ್ಲಿ ಎಲ್ಲರೂ ಸೇರಿ ಎರಡನ್ನೂ ಜೋಡಿಸಿ ನೋಡ್ತಾರೆ. ಥಾಮಸಂಗೆ ಓದು ಬರಹ ಬರ್ತಿರ್ಲಿಲ್ಲ. ಸಹಿ ಬದಲು ಒಂದು ಗುರುತು ಹಾಕ್ತಿದ್ದ. ಹುಲ್ಲು ಎತ್ತೋ ಕವಲುಕೋಲು ಇರುತ್ತಲ್ಲ, ಹಾಗೆ. ಅವನ ಉಯಿಲಲ್ಲೂ ಅದೇ ಗುರುತು, ಇದ್ರಲ್ಲೂ ಅದೇ. ಹಾಗಾಗಿ ಮಾರ್ಗರೆಟ್ ಕಡೆ ಉಯಿಲಿನ ಥಾಮಸು, ಈ ಕರಾರಿನ ಥಾಮಸು, ಇಬ್ರೂ ಒಬ್ನೇ."

…

"ಹೂಂ. ಕುಂಕುಮ ಸರಿಯಾಗಿ ಆ ಗುರುತಿನ ಮೇಲೇ."

…

"ಅಮ್ಮ ಬೇಕೂಂತ ಮಾಡಿದ್ದಲ್ಲ ಅಂಕಲ್. ಮೂರು ತಿಂಗಳಿಗೆ ಅಂತ ಬಂದಿದಾರೆ. ಮೊನ್ನೆ ಸರಸ್ವತಿ ಪೂಜೆಗೆ ನನ್ನ ಪುಸ್ತಕ, ಲ್ಯಾಪ್‌ಟಾಪು, ನೋಟ್ಸು, ಎಲ್ಲಾ ಜೋಡಿಸಿಟ್ಟಿದಾರೆ. ನಾನು ಪಾರ್ಟ್ ಟೈಮ್ ಕೆಲಸದ ಶಿಫ್ಟಲ್ಲಿದ್ದೆ. ನೋಟ್ಸ್ ಫೈಲಲ್ಲಿ ಇದು ಸಿಕ್ಕಿದೆ. ಹಳೇ ಅಕ್ಷರ, ಕೆಳಗೆ ಮೇಣದ ಮುದ್ರೆ. ಯಾವುದೋ ದೊಡ್ಡೋರ ದಾನಪತ್ರ ಅಂತ ಎಲ್ಲಕ್ಕಿಂತ ಮೇಲೆ ಇಟ್ಟು, ಅರಿಶಿನ ಕುಂಕುಮ ಕಲಸಿ ಹಚ್ಚಿ, ಅಕ್ಷತೆ ಹಾಕಿ, ಕೈ ಮುಗಿದಿದಾರೆ. ಯಾಕಮ್ಮ ಅಲ್ಲೇ ಇಟ್ಟೆ ಅಂದ್ರೆ, ಅಲ್ಲೊಂದು ಗುರುತಿತ್ತಲ್ಲೇ, ಯಾರೋ ಕೈ ಮುಟ್ಟಿದ ಜಾಗ, ಅದಕ್ಕೇ ಇಟ್ಟೆ ಅಂತಾರೆ. ಇವತ್ತು ಆಯುಧಪೂಜೆ, ನಾಳೆ ವಿಸರ್ಜನೆ ಆಗೋವರೆಗೂ ಮುಟ್ಬೇಡ ಅಂತ ಕೈ ಬೇರೆ ಹಿಡ್ಕೊಂಡ್ರು. ಕಿತ್ಕೊಂಡು ಬಂದೆ."

…

"ಫೋಟೋ ಕಳಿಸಿದೀನಿ. ಕಸ್ತೂರಿ ಆಂಟಿ ವಾಟ್ಸಾಪಿಗೆ. ನೋಡಿ..."

ಆ ಕಡೆ ಫೋಟೋ ತೆರೆಯುತ್ತಿದ್ದರು. ಪ್ರಣತಿ ಗೋಡೆಯ ಗಡಿಯಾರ ನೋಡಿದಳು. ಒಂದೂಮುಕ್ಕಾಲು ಸಮೀಪಿಸಿತ್ತು.

"ಸಿಕ್ತಾ?... ಅಷ್ಟಗಲ ಹರಡಿದ್ದು ಯಾಕೆ ಅಂದ್ರೆ... ಅಂಕಲ್, ಬೈಬೇಡಿ. ಒದ್ದೆ ಟಿಶ್ಯೂಲಿ ಒರೆಸ್ದೆ. ಒಂದೇ ಸಲ... ಇಲ್ಲ, ಎರಡು ಸಲ. ಹೋಗುತ್ತೆ ಅನ್ಕೊಂಡೆ. ಕೆಂಪು ಇನ್ನೂ ಅಗಲ ಆಯ್ತು. ಚರ್ಮ ಹಪ್ಪಳದ ಥರ ಸೊಟ್ಟ ಆಗ್ಬಿಟ್ಟಿದೆ. ಇಸ್ತ್ರಿ ಹಾಕೋಣ ಅಂತ ಪ್ಲಗ್ ಹಾಕಿದೀನಿ."

…

"ತೆಗೆದೆ ತೆಗೆದೆ! ಪ್ಲಗ್ ತೆಗೆದೆ ಅಂಕಲ್. ಕೂಗ್ಬೇಡಿ."

…

"ಹಾಂ... ನೀರು ಮುಟ್ಟಿಸ್ಬಾರ್ದು. ಬಿಸಿ ತೋರಿಸ್ಬಾರ್ದು. ಉಜ್ಜಬಾರ್ದು. ಬಿಳಿ ಹಾಳೆ ಮಧ್ಯೆ ಇಟ್ಟು, ಮೇಲೆ ಭಾರ ಇಡದೆ ಬಿಟ್ಬಿಡ್ಬೇಕು. ಆಮೇಲೆ?... ಆಮೇಲೆ ಇದನ್ನೇ ಓದಿರೋರ ಹತ್ರ ಕೊಡ್ಬೇಕು. ಸರಿ. ಗುರುತು ಉಳಿಯುತ್ತಾ ಅಂಕಲ್?... ಅಂದ್ರೆ ನಿಮಗೂ ಗೊತ್ತಿಲ್ಲ, ಅಲ್ವಾ."

…

"ಟೈಮಿಲ್ಲ. ಅದೇ ನನ್ನ ಪ್ರಾಬ್ಲಮ್ಮು. ಮೂರು ಗಂಟೆಗೆ ಮಾರ್ಗರೆಟ್ ತಮ್ಮನ ಮಗ ಬರ್ತಾನೆ, ಗ್ರೆಗ್ ಅಂತ, ಅಡಿಲೇಡಿಂದ. ಹಳೇ ಪತ್ರಗಳ ಪೆಟ್ಟಿಗೆ ತಗೊಂಡು ಸಾಯಂಕಾಲದ ಫ್ಲೈಟಿಗೆ ವಾಪಸ್. ಅಷ್ಟರೊಳಗೆ ಇದು ಪೆಟ್ಟಿಗೇಲಿರ್ಬೇಕು. ಎರಡೂ ಹತ್ತಕ್ಕೆ ಬಸ್ಸಿದೆ..."

…

"ಕೇಳಿರ್ಲಿಲ್ಲ."

ಅಷ್ಟು ಹೊತ್ತು ಬೇರೆ ಎಲ್ಲದಕ್ಕೂ ಅಮ್ಮನ ಪೂಜೆಯನ್ನು ಮುಂದೆ ಮಾಡಿದವಳು ಈ ಪ್ರಶ್ನೆಗೆ ಸಿಕ್ಕಿಬಿದ್ದಳು. ತರುವ ಮೊದಲು ಅಜ್ಜಿಯನ್ನು ಕೇಳಿದೆಯಾ ಎಂದು ಅವರು ಕೇಳಿರಬೇಕು.

"ಪೆಟ್ಟಿಗೆ ಬಿಟ್ಟು ಒಂದು ಚೂರೂ ಹೊರಗೆ ಹೋಗ್ಬಾರ್ದು ಅಂತ ಮೊದಲ್ನೇ ದಿನಾನೇ ಹೇಳಿದ್ರು. ಪತ್ರ ಮಡಿಚಿದ್ದ ಜಾಗದಲ್ಲಿ ಎರಡು ಸಾಲು ಓದಕ್ಕಾಗ್ತಿರ್ಲಿಲ್ಲ. ಅವ್ರ ಮನೇಲಿ ಬೆಳಕು ಕಮ್ಮಿ. ಇಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೋ ತೆಗೆದು ಇವತ್ತು ವಾಪಸ್ ಇಟ್ಬಿಡೋಣ ಅಂತ... ಅವ್ರು ಟೀ ಮಾಡಕ್ಕೆ ಹೋದಾಗ ಫೈಲಿಗೆ ಸೇರಿಸ್ಕೊಂಡ್ಬಿಟ್ಟೆ. ಕದ್ದಿದ್ದಲ್ಲ ಅಂಕಲ್. ಆದ್ರೆ ಯಾರು ನಂಬ್ತಾರೆ? ಪೊಲೀಸಿಗೆ ಹೇಳಿದ್ರೆ? ನಂದು ಸ್ಟೂಡೆಂಟ್ ವೀಸಾ. ಕಳ್ಳಿ ಅಂತ ಬರೆದು ವಾಪಸ್ ಕಳಿಸಿದ್ರೆ ಅಪ್ಪಂಗೆ ಏನು ಹೇಳ್ಲಿ? ನಂಗೆ ಕೈ ಕಾಲು ಆಡ್ತಿಲ್ಲ."

…

"ಒಂದು ಯೋಚನೆ ಬಂತು ಅಂಕಲ್. ಹೋಗಿ ಸುಮ್ನೆ ಪೆಟ್ಟಿಗೇಲಿ ತಳದಲ್ಲಿ ಇಟ್ಬಿಟ್ರೆ? ಮಾರ್ಗರೆಟ್‌ಗೆ ಕಣ್ಣು ಅಷ್ಟು ಕಾಣಲ್ಲ. ಗ್ರೆಗ್ ಇಲ್ಲಿ ಬಿಚ್ಚಿ ನೋಡಲ್ಲ. ಅಡಿಲೇಡಲ್ಲಿ ಬಿಚ್ಚಿದಾಗ... ಆಗ ಯಾರಿಗೂ..."

…

"ಯಾರು ಮಾಡಿದ್ದು ಅಂದ್ಕೊಳ್ತಾರೆ ಅಂತಾನಾ?"

…

ಅಡಿಲೇಡಿನವರು ಯಾರನ್ನು ದೂರುತ್ತಾರೆಂದು ಪ್ರಣತಿಗೆ ಚೆನ್ನಾಗಿ ಗೊತ್ತಿತ್ತು. ಮುದುಕಿಗೆ ಮರೆವು, ಕೈ ನಡುಗುತ್ತದೆ, ಹಳೆಯ ಪತ್ರಗಳನ್ನೆಲ್ಲ ಅವಳ ಹತ್ತಿರ ಬಿಟ್ಟಿದ್ದೇ ತಪ್ಪು ಎಂದು ಅವರು ವರ್ಷದಿಂದ ಹೇಳುತ್ತಿದ್ದಾರೆ. ಆ ಮಾತು ಬಂದಾಗಲೆಲ್ಲ ಮಾರ್ಗರೆಟ್ ಬಿಸ್ಕತ್ತಿನ ಡಬ್ಬ ಮುಂದೆ ತಳ್ಳಿ ಬೇರೆ ಮಾತು ತೆಗೆಯುತ್ತಿದ್ದಳು.

"ಅವ್ರ ಮೇಲೆ ಹಾಕ್ತಾರೆ ಅಂಕಲ್... ಹೂಂ. ಗೊತ್ತು... ನಾನೇ ಹೇಳ್ಬೇಕು. ಗೊತ್ತು. ಹೇಗೆ ಹೇಳ್ಲಿ? ಮೊದಲು ಅಮ್ಮ ಮಾಡಿದ್ದು ಅಂತ ಶುರು ಮಾಡ್ಲಾ?... ಸರಿ. ಮೊದಲು, ನಾನು ಕೇಳದೆ ತಗೊಂಡೆ. ಅಮ್ಮಂದು ಆಮೇಲೆ."

…

"ಅಯ್ಯೋ. ಅಂಕಲ್, ಒಂದ್ನಿಮಿಷ. ಇನ್ನೊಂದು ಕಾಲ್ ಬರ್ತಿದೆ. ಮಾರ್ಗರೆಟ್! ಅವ್ರೇ. ಯಾಕೆ ಮಾಡ್ತಿದಾರೆ ಈಗ? ಎತ್ತಲ್ಲ ನಾನು. ಆಮೇಲೆ ಮಾಡ್ತೀನಿ. ಬಸ್ಸಲ್ಲಿ ಕೂತು ಮಾಡ್ತೀನಿ. ಅಂಕಲ್, ಏನಾದ್ರೂ ಹೇಳಿ... ಅಂಕಲ್? ಇಟ್ಬಿಟ್ರಾ?"

ಶ್ರೀಕಂಠಯ್ಯನವರು ಇಟ್ಟುಬಿಟ್ಟಿದ್ದರು. ಫೋನಿನಲ್ಲಿ ಮಾರ್ಗರೆಟ್ ಹೆಸರು ಮಿನುಗುತ್ತಲೇ ಇತ್ತು. ಪ್ರಣತಿ ಕೆಳಗಿಳಿದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಹಸಿರು ಗುಂಡಿ ಒತ್ತಿದಳು. ಇನ್ನು ಮಾತು ಇಂಗ್ಲಿಷಿನಲ್ಲಿ ನಡೆಯಿತು. ನಾನು ಅದನ್ನು ಕನ್ನಡದಲ್ಲೇ ಹೇಳುತ್ತೇನೆ.

"ಹಲೋ, ಮಾರ್ಗರೆಟ್... ಹಾಂ, ನಾನೇ. ಯಾಕೆ, ಉಸಿರು ಕಟ್ಟಿದ ಹಾಗೆ ಮಾತಾಡ್ತಿದೀರಿ?... ಗ್ರೆಗ್ ಬಂದಾಯ್ತಾ? ಇಷ್ಟು ಬೇಗ?"

…

"ಅಳ್ಬೇಡಿ. ಏನು ಸಿಗ್ತಿಲ್ಲ?... ಹೂಂ... ಅಡುಗೆಮನೇಲೂ ಹುಡುಕಿದ್ರಾ? ಕಸದ ಡಬ್ಬಾನೂ?"

…

"ನೀವೇ ಎಲ್ಲೋ ಇಟ್ಟು ಮರೆತಿದೀರಿ ಅಂತ ಗ್ರೆಗ್ ಹೇಳಿದ್ರಾ?... ನಿಮಗೂ ಹಾಗೇ ಅನ್ಸುತ್ತಾ?"

ತಪ್ಪಿಸಿಕೊಳ್ಳುವ ದಾರಿ ತಾನಾಗಿ ತೆರೆದಿತ್ತು. ಅಜ್ಜಿಯೇ ತಪ್ಪು ಒಪ್ಪಿಕೊಂಡಾಗಿತ್ತು. ಹುಡುಕಲು ಬರುತ್ತೇನೆಂದು ಹೋಗಿ, ಮಂಚದ ಕೆಳಗೆ ತೂರಿಸಿ, ಸಿಕ್ಕಿತು ಎಂದರೆ ಮುಗಿಯಿತು. ಕುಂಕುಮದ ಕಲೆಯೂ ಅಜ್ಜಿಯ ಲೆಕ್ಕಕ್ಕೇ ಹೋಗುತ್ತಿತ್ತು. ಪ್ರಣತಿಗೆ ಒಂದು ಕ್ಷಣ ಹಾಯೆನಿಸಿತು. ಹಾಯೆನಿಸಿದ್ದು ತಿಳಿದ ಕೂಡಲೇ ತನ್ನ ಬಗ್ಗೆಯೇ ಅಸಹ್ಯವಾಯಿತು, ಭಯವೂ ಹೆಚ್ಚಾಯಿತು.

"ಮಾರ್ಗರೆಟ್, ನನ್ನ ಹತ್ರ ಯಾಕೆ ಕ್ಷಮೆ ಕೇಳ್ತೀರಿ?... ನನ್ನ ಎಂಟು ತಿಂಗಳ ಕೆಲಸ ಹಾಳಾಗಲಿಲ್ಲ. ನಿಲ್ಲಿಸಿ. ದಯವಿಟ್ಟು ನಿಲ್ಲಿಸಿ. ನನ್ನ ಮಾತು ಕೇಳಿ."

…

"ನೀವು ಕಳೆದಿಲ್ಲ. ನೀವು ಏನೂ ಮರೆತಿಲ್ಲ. ಮಂಗಳವಾರ ನೀವು ಟೀ ಮಾಡಕ್ಕೆ ಹೋದಾಗ ಪತ್ರಾನ ನಾನು ತಗೊಂಡೆ. ನಿಮ್ಮನ್ನ ಕೇಳ್ಲಿಲ್ಲ. ಈಗ ನನ್ನ ಹತ್ರ ಇದೆ, ಆದ್ರೆ ಹಾಳಾಗಿದೆ. ಥಾಮಸನ ಗುರುತಿನ ಮೇಲೆ ಕೆಂಪು ಬಣ್ಣ ಅಂಟಿದೆ. ಒರೆಸಕ್ಕೆ ಹೋಗಿ ಇನ್ನೂ ಕೆಡಿಸಿದ್ದೂ ನಾನೇ."

…

"ಮಾರ್ಗರೆಟ್? ಇದೀರಾ?"

…

ಹೊರಗಿನಿಂದ ತಾಯಿ ನಾಗಮ್ಮ ಬಾಗಿಲು ತಟ್ಟಿದರು. ಯಾಕೇ, ಯಾರ ಹತ್ತಿರ ಅಳ್ತಿದೀಯೇ ಎಂದರು. ಪ್ರಣತಿ ಬೆನ್ನನ್ನು ಇನ್ನಷ್ಟು ಒತ್ತಿ ನಿಂತಳು. ಅಷ್ಟರಲ್ಲಿ ಆ ಕಡೆ ಫೋನು ಗ್ರೆಗ್ ಕೈಗೆ ಹೋಗಿತ್ತು.

"ಗ್ರೆಗ್... ಹೌದು, ಪ್ರಣತಿ... ಹೌದು, ಕೇಳದೆ ತಗೊಂಡಿದ್ದು... ಹೌದು. ಅದಕ್ಕೆ ನೀವು ಏನು ಹೆಸರಿಟ್ಟರೂ ಸರಿ. ಮೊದಲು ಅವ್ರನ್ನ ಕುರ್ಚಿ ಮೇಲೆ ಕೂರಿಸಿ. ಅವ್ರ ನೆನಪು ಸರಿಯಾಗಿದೆ ಅಂತ ಹೇಳಿ. ನೀವೇ ನಿಮ್ಮ ಬಾಯಲ್ಲಿ ಹೇಳಿ. ಎಲ್ಲರ ಮುಂದೆ ಅವ್ರಿಗೆ ಮರೆವು ಅಂತಿದ್ರಲ್ಲ, ಹಾಗೇ ಇದನ್ನೂ ಹೇಳಿ."

…

"ಇಲ್ಲ, ನಾನು ಎಲ್ಲೂ ಓಡಿಹೋಗಲ್ಲ. ಬಸ್ಸಲ್ಲಿ ತಂದ್ರೆ ಇನ್ನೂ ಕೆಡುತ್ತೆ ಅದು. ನೀವೇ ಬನ್ನಿ. ಅಡ್ರೆಸ್ ಬರ್ಕೊಳಿ. ಪೆಟ್ರೋಲ್ ಬಂಕ್ ಹಿಂದಿನ ರಸ್ತೆ, ಇಪ್ಪತ್ತೇಳು. ಯುನಿಟ್ ನಾಲ್ಕು... ನಾಲ್ಕು. ಬೆಲ್ ಕೆಲಸ ಮಾಡಲ್ಲ, ಬಾಗಿಲು ತಟ್ಟಿ. ನನ್ನ ತಾಯಿ ಇದಾರೆ. ಅವ್ರಿಗೆ ಇಂಗ್ಲಿಷ್ ಬರಲ್ಲ, ಇದ್ಯಾವುದೂ ಗೊತ್ತಿಲ್ಲ. ಅವ್ರನ್ನ ಏನೂ ಕೇಳ್ಬೇಡಿ, ಎಲ್ಲಾ ನನ್ನನ್ನೇ ಕೇಳಿ."

…

"ಪೂರ್ತಿ ಹೆಸರಾ? ಪಾಸ್‌ಪೋರ್ಟಲ್ಲಿರೋ ಹಾಗಾ?... ಪ್ರಣತಿ ಸೋಮಶೇಖರ. ಹಾಂ, ಒಂದೊಂದೇ ಅಕ್ಷರ ಹೇಳ್ತೀನಿ, ಬರ್ಕೊಳಿ..."

ಅವಳು ಒಂದೊಂದಾಗಿ ಹೇಳಿದಳು. ಕೊನೆಯ ಅಕ್ಷರವನ್ನು ಇನ್ನೊಮ್ಮೆ ಹೇಳಬೇಕಾಯಿತು.

"ಬರ್ಕೊಂಡ್ರಾ?... ಗ್ರೆಗ್, ಒಂದು ಮಾತು. ನೀವೊಬ್ರೇ ಬರ್ತೀರಾ, ಅಥ್ವಾ ಜೊತೇಲಿ ಯಾರಾದ್ರೂ... ಹಲೋ? ಗ್ರೆಗ್? ಹಲೋ..."

ಲೈನು ಕಟ್ಟಾಗಿತ್ತು.