ಒಂದೇ ಹುದ್‌ಹುದ್ ಬಂದ ಸಮ್ಮೇಳನ

…ಬರ್ತಾರೆ ತಾತ, ಬರ್ತಾರೆ! ಹತ್ತು ಗಂಟೆಗೆ ಅಂದ್ರೆ ನಮ್ಮ ಈಜಿಪ್ಟಲ್ಲಿ ಯಾವನಾದ್ರೂ ಹತ್ತಕ್ಕೆ ಬಂದಿದ್ದುಂಟಾ? ಈಗಿನ್ನೂ ಹನ್ನೊಂದೂವರೆ. ನನ್ನ ಮುಖ ನೋಡಬೇಡ, ಆ ರಸ್ತೆ ಕಡೆ ನೋಡು. ಅದೋ! ಹಳದಿ ಕಾರು! ಹೇಳಲಿಲ್ವಾ ನಾನು… ಅಲ್ಲ. ಐಸ್‌ಕ್ರೀಮ್ ಗಾಡಿ. ಆದ್ರೂ ಬಣ್ಣ ಮಾತ್ರ ನಮ್ಮ ಹುದ್‌ಹುದ್ ಕಾರಿಂದೇ, ಒಪ್ಕೋ.

ಯಾಕೆ ಮತ್ತೆ ಮತ್ತೆ ಕುರ್ಚಿಗಳನ್ನೇ ನೋಡ್ತೀಯ? ಎಂಟಿದಾವೆ. ಏಳು ಜನ ಸದಸ್ಯರು, ಒಬ್ಬ ಅಧ್ಯಕ್ಷ. ಅಧ್ಯಕ್ಷ ನೀನೇ. ನನಗೆ ಬೇಡ, ನಿಂತುಕೊಂಡು ಬೈಸಿಕೊಳ್ಳೋದು ನನಗೆ ಅಭ್ಯಾಸ. ಶಾಲೆಯಲ್ಲಿ ಕಲಿತ ಒಂದೇ ವಿದ್ಯೆ ಅದು.

ಬ್ಯಾನರ್ ಮಾತ್ರ ಚೆನ್ನಾಗಿ ಬಂದಿದೆ. ‘ಡೆಲ್ಟಾ ಪ್ರಾಂತ್ಯದ ಹುದ್‌ಹುದ್ ಕಾರು ಮಾಲೀಕರ ಮೊದಲನೇ ಸಮ್ಮೇಳನ, ರಾಸ್ ಅಲ್ ಬರ್.’ ಸಮುದ್ರದ ಗಾಳಿಗೆ ಅರ್ಧ ಸುತ್ತಿಕೊಂಡಿದೆ, ಅಷ್ಟೇ. ಆಗಲೇ ಮೂರು ಜನ ಬಂದು ಮದುವೆ ಯಾರದು ಅಂತ ಕೇಳಿಕೊಂಡು ಹೋದ್ರು. ನಾನು ನಿನ್ನದೇ ಅಂದೆ.

ಯಾಕೆ ನಗ್ತೀಯ? ಆ, ನಕ್ಕೆ, ನೋಡಿದೆ! ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದವನು ನೀನು, ನಾನಲ್ಲ. ಸದಸ್ಯರ ಪೈಕಿ ಮಾದಾಂ ಇನ್ಶಿರಾಹ್ ಬರ್ತಾರೆ ಅಂದ ದಿನವೇ ಕ್ಷೌರದ ಅಂಗಡಿಗೆ ಓಡಿದೆಯಲ್ಲ. ಬರ್ತಾರೆ ಕಣೋ ತಾತ. ಪೋರ್ಟ್ ಸಯೀದಿನ ದೋಣಿ ಕಟ್ಟೆಯಲ್ಲಿ ಸಾಲು ನಿಂತಿರಬೇಕು. ಇಂಜಿನಿಯರ್ ಶೌಕಿಯ ಕಾರಿಗೆ ಮಹಲ್ಲಾ ಹತ್ರ ಬೆಲ್ಟ್ ಹರಿಯಿತಂತೆ, ಹೆಂಡತಿಯ ಕಾಲುಚೀಲ ಕಟ್ಟಿಕೊಂಡು ಬರ್ತಿದ್ದಾರೆ. ಡಾಕ್ಟರ್ ಬಹ್ಜತ್‌ಗೆ ಹೆರಿಗೆ ಕೇಸು… ಏನು? ಹಲ್ಲಿನ ಡಾಕ್ಟರ್ ಅಂತ ಹೇಳಿದ್ನಾ? ಹೌದು, ಹಲ್ಲಿನ ಡಾಕ್ಟರೇ. ತುರ್ತು ಬಂದಾಗ ಯಾವ ಡಾಕ್ಟರ್ ಆದ್ರೇನು, ಮಗು ಕಾಯುತ್ತಾ?

ಮಶಬ್ಬಕ್ ತಿನ್ನು. ಈ ಜಿಲೇಬಿ ಮೆತ್ತಗಾದ್ರೆ ಯಾರೂ ಮುಟ್ಟಲ್ಲ. ನಮ್ಮ ದುಮ್ಯಾತ್‌ನವರು ಜಿಪುಣರು ಅಂತ ದೇಶವೆಲ್ಲಾ ನಗುತ್ತೆ, ನೀನು ನೋಡಿದ್ರೆ ಮೂರು ಕಿಲೋ ಕಟ್ಟಿಸಿಕೊಂಡು ಬಂದಿದ್ದೀಯ. ಎಂಟು ಜನಕ್ಕೆ. ಸರಿ, ಬರ್ತಾರೆ.

ಕಾರನ್ನಾದ್ರೂ ನೋಡು ಒಂದು ಸಲ! ಅರವತ್ತು ವರ್ಷದ ಮುದುಕಿ, ಹೇಗೆ ಮಿಂಚ್ತಿದ್ದಾಳೆ. ಬಾನೆಟ್ ಎತ್ತಿದ್ರೆ ಥೇಟ್ ಹುದ್‌ಹುದ್ ಹಕ್ಕಿಯ ಜುಟ್ಟು. ಸ್ಟಿಯರಿಂಗ್ ಮುಂದಿನ ಹಲಗೆಗೆ ನೀನೇ ಹೂಬಳ್ಳಿ ಕೆತ್ತಿ ಚಿನ್ನದ ಬಣ್ಣ ಹಾಕಿದ್ದು. ಮದುವೆ ಮನೆ ಸೋಫಾದಲ್ಲಿ ಕೂತು ಗಾಡಿ ಓಡಿಸಿದ ಹಾಗಿರುತ್ತೆ. ಆರು ತಿಂಗಳ ಹಿಂದೆ ಇದರ ಹೊದಿಕೆ ಕೂಡ ತೆಗೀತಿರಲಿಲ್ಲ ನೀನು. ಅಜ್ಜಿ ಹೋದ್ಮೇಲೆ ಬಾಲ್ಕನಿ, ರೇಡಿಯೋ, ಮತ್ತೆ ಬಾಲ್ಕನಿ. ಗುಜರಿಯವನು ಹಗ್ಗ ಹಿಡ್ಕೊಂಡು ಬಾಗಿಲಿಗೇ ಬಂದು ನಿಂತಿದ್ದ! ಅಷ್ಟರಲ್ಲಿ ತಾಂತಾದಿಂದ ಶೌಕಿಯ ಫೋನು. ‘ಹಾಜಿ ಮಿತ್ವಲ್ಲಿಯವರೇ, ನಿಮ್ಮ ಹತ್ರಾನೂ ಹುದ್‌ಹುದ್ ಇದೆಯಂತೆ?’ ನೀನು ಒಂದು ಗಂಟೆ ಮಾತಾಡಿದೆ, ಗುಜರಿಯವನು ಕಾದು ಕಾದು ಹಗ್ಗ ಸುತ್ತಿಕೊಂಡು ಹೋದ. ದೇವರೇ ಮಾಡಿಸಿದ ಫೋನು ಅದು!

ಯಾಕೆ ಕೆಮ್ತೀಯ?

ಇನ್ನೊಂದು ಹುದ್‌ಹುದ್ ಇವತ್ತು ಬರಲಿಲ್ಲ ಅಂದ್ರೆ ನಾಳೆ ಇದನ್ನ ಗುಜರಿಗೆ ಹಾಕ್ತೀನಿ ಅಂತ ನನ್ನ ಮುಖಕ್ಕೇ ಹೇಳಿದೆಯಲ್ಲ… ಅದು ಸುಮ್ನೆ ಹೇಳಿದ್ದು ತಾನೆ? ಹೇಳು. ಸುಮ್ನೆ ತಾನೆ?

ಯಾರಿಗೆ ಫೋನ್ ಮಾಡ್ತಿದ್ದೀಯ? ಶೌಕಿಗಾ? ಬೇಡ ಬೇಡ, ಗಾಡಿ ಓಡಿಸ್ತಿರೋರಿಗೆ ಫೋನ್ ಮಾಡಬಾರದು, ಪೊಲೀಸ್ ಹಿಡೀತಾನೆ… ತಾತ… ತಾತ, ಇಡು…

ಇದಾ? ನನ್ನ ಜೇಬು. ಅಲಾರಂ. ದಿನಾ ಈ ಹೊತ್ತಿಗೆ ಹೊಡ್ಕೊಳ್ಳುತ್ತೆ. ಈಗ ನಿಲ್ಲುತ್ತೆ. …ನಿಲ್ಲುತ್ತೆ ನೋಡು.

ನಿಲ್ತಾ ಇಲ್ಲ.

ಹಲೋ! ಇಂಜಿನಿಯರ್ ಶೌಕಿ ಮಾತಾಡ್ತಿರೋದು! ಸಲಾಂ ಹಾಜಿಯವರೇ. ಹೌದು, ಇಲ್ಲೂ ಗಾಳಿ ಜೋರು… ಅದಿರಲಿ. ನಿಮ್ಮ ಎದುರಿಗೆ ಒಬ್ಬ ಹುಡುಗ ನಿಂತಿದ್ದಾನಲ್ಲ, ಹೈಸಮ್ ಅಂತ, ಕಿವಿ ಅಗಲ, ತಲೆ ಖಾಲಿ. ಅವನ ವಿಷಯ ನಿಮಗೊಂದು ಹೇಳಬೇಕಿತ್ತು. ಮಹಾ ಫಟಿಂಗ ಅವನು. ಒಂದೇ ತರಗತಿಯಲ್ಲಿ ಎರಡು ವರ್ಷ ಕೂತವನು. ಏಳು ಜನರ ದನಿ ಮಾಡೋಕೆ ಬರುತ್ತೆ, ಏಳರ ಮಗ್ಗಿ ಬರಲ್ಲ. ಏಳು ಊರಿನ ಏಳು ಜನ ಯಾವಾಗಲೂ ನನ್ನ ಒಂದೇ ಫೋನಿಂದ ಮಾತಾಡ್ತಾರಲ್ಲ, ನಿಮಗೆ ಅನುಮಾನವೇ ಬರಲಿಲ್ವಾ ಹಾಜಿ?

ಮೊದಲನೇ ದಿನ ಬರೀ ತಮಾಷೆಗೆ, ದೇವರಾಣೆ. ಐದು ನಿಮಿಷ ನಕ್ಕು ಇಟ್ಟುಬಿಡೋಣ ಅಂತ. ಆಮೇಲೆ ನೀವೇ ಕೆಡಿಸಿದ್ರಿ! ‘ನನಗೊಬ್ಬ ಮೊಮ್ಮಗ ಇದ್ದಾನೆ ಇಂಜಿನಿಯರ್ರೇ. ಪುಸ್ತಕ ಕಂಡ್ರೆ ಓಡ್ತಾನೆ, ಆದ್ರೆ ಕಾರ್ಬುರೇಟರ್ ಬಿಚ್ಚಿ ಕೊಟ್ರೆ ಕಣ್ಣು ಮುಚ್ಚಿಕೊಂಡು ಜೋಡಿಸ್ತಾನೆ. ಅವನ ಕೈಗುಣ ನನಗೂ ಇಲ್ಲ. ಈ ಕಾರು ಅವನಿಗೇ’ ಅಂದ್ರಿ. ಮನೇಲಿ ಅವನಿಗೆ ಕತ್ತೆ ಅನ್ನೋದು ಬಿಟ್ರೆ ಬೇರೆ ಹೆಸರಿಲ್ಲ ಹಾಜಿ! ಆ ಮಾತು ಇನ್ನೊಂದು ಸಲ ಕೇಳಬೇಕು ಅಂತ ಮಾರನೇ ದಿನ ಫೋನ್ ಮಾಡಿದ. ಅದರ ಮಾರನೇ ದಿನಾನೂ. ಶೌಕಿಗೆ ಹೇಳಿದ್ದನ್ನ ಡಾಕ್ಟರಿಗೂ ಹೇಳ್ತೀರಾ ಅಂತ ನೋಡೋಕೆ ಡಾಕ್ಟರ್ ಆದ. ಹೇಳಿದ್ರಿ. ಮಾದಾಂಗೂ ಹೇಳಿದ್ರಿ… ಮಾದಾಂ ವಿಷಯ ಬಿಡಿ, ಅವನಿಗೆ ನಾಚಿಕೆ.

ಕಾರನ್ನ ಮಾತ್ರ ಗುಜರಿಗೆ ಹಾಕಬೇಡಿ. ಹಾಕಲೇಬೇಕು ಅಂದ್ರೆ ಅವನನ್ನ ಹಾಕಿ. ಅದಕ್ಕಿಂತ ಅವನಿಗೇ ಜಾಸ್ತಿ ತುಕ್ಕು ಹಿಡಿದಿರೋದು.

ಹಲೋ? ಹಾಜಿ? ಬೈಯಿರಿ… ಏನಾದ್ರೂ ಅನ್ನಿ…

ನಿನ್ನ ಫೋನಲ್ಲಿ ಏನು ತೋರಿಸ್ತಿದ್ದೀಯ ತಾತ? ಬಿಸಿಲಿಗೆ ಕಾಣಲ್ಲ, ಈ ಕಡೆ ಹಿಡಿ. ಈ ನಂಬರಿಗೆ ಶೌಕಿ ಅಂತ ತಾನೆ ಹೆಸರಿರೋದು… ‘ಕತ್ತೆ.’ ‘ಕತ್ತೆ, ಎರಡನೇ ನಂಬರ್.’

ಎರಡನೇ ನಂಬರ್?

ಯಾವಾಗ ಬರೆದಿಟ್ಟುಕೊಂಡೆ ಇದನ್ನ? …ಒಂದು ಬೆರಳು. ಒಂದು ತಿಂಗಳ ಹಿಂದೆ? ಅಲ್ಲ? ಒಂದು… ಒಂದನೇ ದಿನಾನಾ?

ಅಯ್ಯೋ ಕಿಲಾಡಿ ಮುದುಕ! ಹಾಗಾದ್ರೆ ಆ ಮೀಸೆ ಬಣ್ಣ… ಮೂರು ಕಿಲೋ ಮಶಬ್ಬಕ್… ನನ್ನ ಕೈಲೇ ಎಂಟು ಕುರ್ಚಿ ಹೊರಿಸಿದೆಯಲ್ಲೋ!

…ಹಾಗಾದ್ರೆ ಕಾರ್ಬುರೇಟರ್ ಮಾತು. ಕೈಗುಣ. ಅದೆಲ್ಲಾ ನೀನು ಶೌಕಿಗೆ ಹೇಳಿದ್ದಲ್ಲ.

ಆ ಕಡೆ ಯಾಕೆ ತಿರುಗಿದೆ? ಎದುರಿಗೇ ನಿಂತಿದ್ದೀನಿ, ಮತ್ತೆ ಫೋನ್ ಕಿವಿಗಿಟ್ಟುಕೊಂಡು… ಓ. ಸರಿ. ಸರಿ ತಾತ. ನಾನೂ ಸಮುದ್ರದ ಕಡೆ ತಿರುಗ್ತೀನಿ.

ಹಲೋ. ಶೌಕಿ ಅಲ್ಲ ಹಾಜಿ. ಕತ್ತೆ. ಎರಡನೇ ನಂಬರಿಂದ. ಹೇಳಿ… ಕೇಳಿಸ್ಕೋತಾ ಇದ್ದೀನಿ.