ಅವಳು ನನ್ನ ಕಾಲಿಗೆ ಕಟ್ಟಿದ ಪಟ್ಟಿ

ಅಧ್ಯಕ್ಷ ಸ್ಥಾನದಲ್ಲಿರುವ ಡಾಕ್ಟರೇ, ಈ ಕೈಪಟ್ಟಿಯನ್ನು ತಯಾರಿಸಿದ ಕಂಪನಿಯ ಮ್ಯಾನೇಜರ್ ಸಾಹೇಬರೇ, ವೇದಿಕೆಯ ಮೇಲಿನ ಗಣ್ಯರೇ, ಮರೆವಿನ ಕಾಯಿಲೆಯವರನ್ನು ಯಾರದೋ ಕೈಗೊಪ್ಪಿಸಿ, ಅರ್ಧ ಜೀವ ಮನೆಯಲ್ಲೇ ಬಿಟ್ಟು ಬಂದು ಕುಳಿತಿರುವ ಸಭಿಕರೇ,

ವರ್ಷದ ಉತ್ತಮ ಆರೈಕೆದಾರ ಎಂದು ನನ್ನನ್ನು ಆರಿಸಿದ್ದೀರಿ. ನಾನು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ತಲೆ ತಗ್ಗಿಸಿ ಕೆಲಸ ಮಾಡಿದವನಿಗೆ ತಲೆ ಎತ್ತಿ ಮಾತಾಡಿ ಅಭ್ಯಾಸವಿಲ್ಲ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಪಟ್ಟಿಯ ಉಪಯೋಗದ ಬಗ್ಗೆ ಐದು ನಿಮಿಷ ಮಾತಾಡಿ ಎಂದು ಸಾಹೇಬರು ಹೇಳಿದ್ದಾರೆ. ಆಗಲಿ.

ಇದನ್ನು ಕಟ್ಟಿಕೊಂಡವರು ಎಲ್ಲೇ ಹೋಗಲಿ, ನಮ್ಮ ಫೋನಿನ ನಕ್ಷೆಯಲ್ಲಿ ಕೆಂಪು ಚುಕ್ಕೆಯೊಂದು ಅವರಿರುವ ಜಾಗವನ್ನು ತೋರಿಸುತ್ತದೆ. ಬಹಳ ಒಳ್ಳೆಯ ಸಾಧನ. ಅದರಲ್ಲಿ ಎರಡು ಮಾತಿಲ್ಲ.

ನನ್ನ ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದಳು. ಹುಟ್ಟಿದ ಮಗುವಿನ ಕಾಲಿಗೆ ತಾಯಿಯ ಹೆಸರು ಬರೆದ ಪಟ್ಟಿ ಕಟ್ಟುವುದು ಅವಳ ಕೆಲಸ. ಪಟ್ಟಿ ಕಟ್ಟದೆ ಮಗುವನ್ನು ಬಿಟ್ಟು ಒಂದು ಹೆಜ್ಜೆ ಆಚೆ ಹೋದವಳಲ್ಲ. ಒಂದೇ ಒಂದು ಮಗು ಅದಲುಬದಲಾದದ್ದಿಲ್ಲ ಎಂದು ಎಷ್ಟು ಸಲ ಹೇಳಿಕೊಂಡಿದ್ದಾಳೋ! ನಮಗೆ ಮಕ್ಕಳಾಗಲಿಲ್ಲ. ಅದು ಇಲ್ಲಿ ಬೇಡದ ಮಾತು, ಬಿಡಿ.

ಈ ಕೈಪಟ್ಟಿಗೆ ಒಂದು ಕೊಂಡಿ ಇದೆ, ಕೀಲಿ ಇಲ್ಲದೆ ಬಿಚ್ಚಲಾಗುವುದಿಲ್ಲ. ಅದು ಅವಳ ಮಣಿಕಟ್ಟನ್ನು ಒತ್ತಿ ಕೆಂಪಗೆ ಮಾಡಿತ್ತು. "ನಾನೇನು ತಪ್ಪು ಮಾಡ್ದೆ ಅಂತ ಇದನ್ನ ಹಾಕಿದೀರಿ?" ಎಂದು ಕೇಳಿದಳು. ಕಂಪನಿಗೆ ಫೋನ್ ಮಾಡಬಹುದಿತ್ತು. ಆದರೆ ಗಡಿಯಾರದವನ ಸೊಕ್ಕು ಸುಮ್ಮನಿರಬೇಕಲ್ಲ! ಕೊಂಡಿ ಕಿತ್ತು ಹಾಕಿ, ನನ್ನ ಡ್ರಾಯರಿನಿಂದ ಮೆತ್ತನೆಯ, ಉದ್ದನೆಯ ಚರ್ಮದ ಬೆಲ್ಟು ತೆಗೆದು ಜೋಡಿಸಿದೆ. ಮಾಮೂಲಿ ಬಕಲ್. ಸಾಹೇಬರು ಹುಬ್ಬು ಗಂಟಿಕ್ಕುತ್ತಿದ್ದಾರೆ. ತಪ್ಪು ನನ್ನದು ಸಾಹೇಬರೇ, ನಿಮ್ಮದಲ್ಲ.

ಮೂರು ತಿಂಗಳ ಹಿಂದೆ, ಊಟವಾದ ಮೇಲೆ ಕುರ್ಚಿಯಲ್ಲೇ ನಿದ್ದೆ ಹೋದೆ. ಎದ್ದಾಗ ಬಾಗಿಲು ತೆರೆದಿತ್ತು, ಅವಳಿರಲಿಲ್ಲ. ಫೋನ್ ನೋಡಿದೆ. ಚುಕ್ಕೆ ಮನೆಯಲ್ಲೇ ಇದೆ! ಹೋದ ಜೀವ ಬಂದಂತಾಯಿತು. ಬಚ್ಚಲು, ಅಡುಗೆಮನೆ, ಮಂಚದ ಕೆಳಗೆ, ಎಲ್ಲ ನೋಡಿದೆ. ಬೀದಿಗಿಳಿದೆ. ಚುಕ್ಕೆಯೂ ಬೀದಿಗೆ ಬಂತು. ಹಾಲಿನ ಅಂಗಡಿಯ ಮುಂದೆ ಇದೆ ಎಂದಿತು. ನಾನು ನಿಂತಿದ್ದದ್ದೂ ಅಲ್ಲೇ. ಹಿಂದೆ ತಿರುಗಿ ನೋಡಿದೆ, ಕೂಗಿದೆ. ತಿರುವಿಗೆ ಓಡಿದರೆ ಚುಕ್ಕೆಯೂ ತಿರುವಿನಲ್ಲಿ. ನಲವತ್ತು ನಿಮಿಷ, ಸಭಿಕರೇ, ನಲವತ್ತು ನಿಮಿಷ ಹೀಗೇ ಸುತ್ತಿದೆ. ಹಾಲಿನವನು, "ಯಜಮಾನರೇ, ಏನು ಕಳ್ಕೊಂಡ್ರಿ?" ಎಂದ.

ಸುಸ್ತಾಗಿ ಕಟ್ಟೆಯ ಮೇಲೆ ಕುಳಿತೆ. ಕಾಲು ತುರಿಸಿತು. ಪ್ಯಾಂಟು ಮೇಲೆತ್ತಿದರೆ, ನನ್ನ ಕಾಲಿನಲ್ಲಿ ಪಟ್ಟಿ!

ನಗಿ, ನಗಿ. ನನಗೂ ಮೊದಲು ನಗುವೇ ಬಂತು. ಮಲಗಿದ್ದ ನನಗೆ ಕಟ್ಟಿ, ಬಕಲನ್ನು ಸರಿಯಾದ ತೂತಿಗೆ ಹಾಕಿ ಹೋಗಿದ್ದಳು. ಬಿಗಿಯಾಗದಂತೆ ಒಂದು ಬೆರಳಿನಷ್ಟು ಸಡಿಲ ಬಿಟ್ಟಿದ್ದಳು. ಅದನ್ನು ಮುಟ್ಟಿದಾಗ ಹೊಳೆಯಿತು: ಡ್ಯೂಟಿ ಮುಗಿಸಿ ಹೊರಟಿದ್ದಾಳೆ. ಎಲ್ಲಿರುತ್ತಾಳೆ ಎಂದು ತಿಳಿಯಲು ಆಮೇಲೆ ಫೋನು ಬೇಕಾಗಲಿಲ್ಲ.

ಆಸ್ಪತ್ರೆಯ ಗೇಟಿನ ಪಕ್ಕ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಹತ್ತಿರ ಹೋದೆ. ಅವಳಿಗೆ ನನ್ನ ಗುರುತು ಸಿಗಲಿಲ್ಲ. "ಯಾರು ಬೇಕಿತ್ತು?" ಎಂದಳು.

"ಸುಮ್ನೆ ನಿಂತಿದೀನಿ. ನೀವು?"

"ನಮ್ಮನೆಯವರು ಬರ್ತಾರೆ, ಕರ್ಕೊಂಡು ಹೋಗೋಕೆ. ಅವರದ್ದು ಯಾವತ್ತೂ ಲೇಟೇ."

"ಬೈಯೋದಲ್ವಾ?"

"ಬೈಬೇಕು ಅಂತಾನೇ ನಿಂತಿರ್ತೀನಿ. ಮುಖ ನೋಡಿದ ತಕ್ಷಣ ಬಂದ್ರಲ್ಲ, ಸಾಕು ಅನ್ಸುತ್ತೆ." ಗೇಟಿನ ಒಳಗೆ ಕೈ ತೋರಿಸಿ ಮತ್ತೆ ಹೇಳಿದಳು, "ನಾಲ್ಕು ಗಂಟೆಗೇ ಎಲ್ಲಾರನ್ನೂ ಡಿಸ್ಚಾರ್ಜ್ ಮಾಡೋದು. ಎಲ್ಲಾರೂ ಮಗು ಎತ್ಕೊಂಡು ಮನೆಗೆ ಹೋಗ್ತಾ ಇರ್ತಾರೆ. ಅದನ್ನ ನೋಡೋವಾಗ ಇವರು ಪಕ್ಕದಲ್ಲಿ ಇರ್ಬೇಕು ಅನ್ಸುತ್ತೆ ನೋಡಿ."

ಮೂವತ್ತೊಂದು ವರ್ಷ ನನಗೆ ಇದನ್ನು ಹೇಳಿರಲಿಲ್ಲ. ಗಡಿಯಾರದವನು ನಾನು, ಊರಿಗೆಲ್ಲ ಸರಿಯಾದ ಹೊತ್ತು ಹೊಂದಿಸಿ ಕೊಟ್ಟವನು. ಗಿರಾಕಿ ಬಂದಿದ್ದ ಎಂದು ದಿನಾ ನೆಪ ಹೇಳುತ್ತಿದ್ದೆ. ಗಿರಾಕಿ ಯಾರೂ ಇರುತ್ತಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಇಸ್ಪೀಟು, ಇನ್ನೊಂದಾಟ, ಇನ್ನೊಂದೇ ಆಟ. ಇಲ್ಲಿ ಹೇಳಬಾರದಿತ್ತೇನೋ. ಬಾಯಿಗೆ ಬಂದುಬಿಟ್ಟಿತು.

ಕಾಲಿನ ಪಟ್ಟಿ ತೋರಿಸಿದೆ. ಬಗ್ಗಿ ನೋಡಿ, "ನಮ್ಮ ವಾರ್ಡಿನದೇ" ಎಂದು ನನ್ನ ಜೊತೆ ಹೊರಟಳು. ಅವಳು ಮನೆ ಸೇರಿದ್ದು ನನ್ನನ್ನು ನಂಬಿಯಲ್ಲ, ಆ ಪಟ್ಟಿಯನ್ನು ನಂಬಿ.

ಅಂದಿನಿಂದ ಪಟ್ಟಿ ಅವಳ ಕೈಯಲ್ಲೇ ಇದೆ. ಬಾಗಿಲು ಮುಚ್ಚಿಡುವುದನ್ನು ಮಾತ್ರ ಬಿಟ್ಟಿದ್ದೇವೆ. ದಿನಾ ನನ್ನ ತಂಗಿ ಅವಳನ್ನು ಗೇಟಿನ ಹತ್ತಿರ ಕರೆತಂದು ನಿಲ್ಲಿಸುತ್ತಾಳೆ. ಸರಿಯಾಗಿ ನಾಲ್ಕಕ್ಕೆ ನಾನು ಅಂಗಡಿಯ ಕಡೆಯಿಂದ ನಡೆದು ಬರುತ್ತೇನೆ. ಹೆಚ್ಚಿನ ದಿನ "ಯಾರು ಬೇಕಿತ್ತು?" ಎನ್ನುತ್ತಾಳೆ. ಹೋದ ತಿಂಗಳು, ಒಂದೇ ಒಂದು ದಿನ, ನನ್ನ ಮುಖ ನೋಡಿ, "ಅಯ್ಯೋ, ಇವತ್ತು ಬೇಗ ಬಂದ್ರಲ್ಲ!" ಎಂದು ಚೀಲವನ್ನು ನನ್ನ ಕೈಗೆ ಕೊಟ್ಟಳು. ಬೀದಿಯ ಅರ್ಧದವರೆಗೆ ನಾನು ಅವಳ ಗಂಡನಾಗಿದ್ದೆ. ದರ್ಜಿ ಅಂಗಡಿ ದಾಟುವಷ್ಟರಲ್ಲಿ ಮತ್ತೆ ಯಾರೋ ಆಗಿಹೋದೆ.

ಆ ಅರ್ಧ ಬೀದಿ ನನಗೆ ಇನ್ನೊಮ್ಮೆ ಬೇಕು. ಅವಳು ಕಣ್ಣೆದುರಿಗೇ ಇದ್ದಾಳೆ, ಎಲ್ಲಿದ್ದಾಳೆಂದು ಫೋನೂ ಹೇಳುತ್ತದೆ. ಆದರೂ ನನ್ನ ಹೆಂಡತಿ ನನಗೆ ಬೇಕು. ಇನ್ನು ಯಾವತ್ತು ಗುರುತು ಹಿಡಿಯುತ್ತಾಳೋ ಗೊತ್ತಿಲ್ಲ. ಆ ದಿನ ನಾನಲ್ಲಿ ಇಲ್ಲದೆ ಹೋದರೆ?

ಸನ್ಮಾನ ಇನ್ನೂ ಬಾಕಿ ಇದೆ ಎಂದು ಸಾಹೇಬರು ಸನ್ನೆ ಮಾಡುತ್ತಿದ್ದಾರೆ. ಆ ಫಲಕವನ್ನು ದಯವಿಟ್ಟು ಯಾರ ಕೈಲಾದರೂ ಮನೆಗೆ ಕಳಿಸಿಕೊಡಿ. ಈಗ ಗಂಟೆ ಮೂರೂವರೆ, ಅವಳು ಚೀಲ ಹುಡುಕುತ್ತಿರುತ್ತಾಳೆ. ಕರೆದವರಿಗೂ, ಕೇಳಿದವರಿಗೂ, ನಕ್ಕವರಿಗೂ ಉಪಕಾರವಾಯಿತು. ಸ್ವಲ್ಪ ದಾರಿ ಬಿಡಿ, ನಮಸ್ಕಾರ.