ಇಪ್ಪತ್ತು ಎಂಎಂ ಕಣ್ಣು

ಹಲೋ... ಹಲೋ, ಯಾರು ಮಾತಾಡೂದು?...

ಹಾಂ, ಬೊಮ್ಮಣ್ಣನಾ? ನಾ ಸುಷ್ಮಾನೇ, ಕುಮಟಾ ತಂತಿ ಜಾಳಿ ಅಂಗಡಿ. ಹೇಳಿ. ಐಸ್ ಪುಡಿ ಮಾಡೂ ಮಶೀನಿಗೆ ಕೈ ಹೋಗ್ದ ಹಾಂಗೆ ಅಡ್ಡ ಹಾಕೂ ಹೊಸ ಜಾಳಿ ಸಮಾ ಕೂತ್ತಾ?...

ಕೂತ್ತಲ್ಲ, ಆತು. ಮತ್ತೆಂತ?...

ಐಸ್ ಚೂರು ಹೊರಗೆ ಹಾರ್ತದಾ? ಜಾಳಿ ಒಳಗಿಂದ್ಲೇ?... ಎಷ್ಟು ದೊಡ್ಡದು?...

ಗೋಲಿಯಷ್ಟಾ! ಅದು ಹ್ಯಾಂಗಾಗ್ತದೆ ಬೊಮ್ಮಣ್ಣ? ಹಳೇ ಜಾಳಿ ಅಳತೆ ತಕಂಡೇ ಹೇಳಿದ್ದಲ್ವಾ ನೀವು? ಇಪ್ಪತ್ತು ಎಂಎಂ ಕಣ್ಣು ಹೇಳಿ ನನ್ನ ಚೀಟಿಯಲ್ಲಿ ಬರ್ದದ್ದದೆ...

ಹಾಂ, ಸ್ಕೇಲ್ ಇಟ್ಟೇ ಅಳೆದ್ರಿ, ಸರಿ. ಎಲ್ಲಿಂದ ಎಲ್ಲಿಗೆ ಇಟ್ರಿ?...

ಎಂತ? ಎರಡು ಬದಿ ಕೂಡಿಸಿ?...

ಅಯ್ಯೋ ದೇವ್ರೇ. ಮೀನು ಬಲೆ ಅಳೆದ ಹಾಂಗಾ! ಬಲೆಯಾದ್ರೆ ಎಳೆದು ಹಿಡೀತ್ರಿ, ಎರಡು ಬದಿ ಸೇರಿಯೇ ಒಂದು ಕಣ್ಣು. ತಂತಿ ಜಾಳಿಗೆ ಹಾಂಗಲ್ಲ. ತಂತಿಗೂ ತಂತಿಗೂ ನಡು ಇರೂ ಖಾಲಿ ಜಾಗ ಮಾತ್ರ. ನಿಮ್ಮ ಹಳೇದು ಹತ್ತೇ ಇತ್ತು. ನಾ ಕೊಟ್ಟದ್ದು ಇಪ್ಪತ್ತು...

ಇಲ್ಲ, ನಿಮ್ಮೊಬ್ರದ್ದೇ ತಪ್ಪಲ್ಲ. ಬಲೆ ಹಿಡಿದ ಕೈ ಅಂತ ಗೊತ್ತಿದ್ದೂ ನಾ ಕೇಳ್ಲಿಲ್ಲ. ಮಶೀನ್ ನಿಂತದೆ ಅಲ್ವಾ?...

ಹಾಂ. ಮಶೀನಿಗೆ ಕೈ ಹಚ್ಬೇಡಿ. ಜಾಳಿ ಕತ್ತರಿಸಿ ಉಳಿದ ತುಂಡು ಅಲ್ಲೇ ಅದೆ ಅಲ್ವಾ? ಅದ್ರಲ್ಲಿ ಬೆರಳು ಹಾಕಿ ನೋಡಿ... ಎಲ್ಲಿ ತನಕ ಹೋಯ್ತು?...

ಪೂರ್ತಿ ಹೋಯ್ತಾ... ನಿಮ್ಮ ದಪ್ಪ ಬೆರಳೇ ಒಳಗೆ ಹೋದ್ರೆ ನಿಮ್ಮ ಹೆಂಡ್ತಿ ಮಂಜಕ್ಕಂದು ಹೋಗ್ದೇ ಇರ್ತದಾ? ಐಸ್ ದೂಡೂದು ಅವ್ರೇ ಅಲ್ವಾ? ಹಳೇ ಜಾಳಿ ಹರಿದಲ್ಲೇ ಅಲ್ವಾ ನಿಮ್ಮ ಜೊತೆ ಕೆಲಸ ಮಾಡೂ ಜಟ್ಟಿದು ಎರಡು ಬೆರಳು ತುಂಡಾದದ್ದು? ತಿಂಗಳೂ ಆಗ್ಲಿಲ್ಲ!...

ಮೊದ್ಲು ಫ್ಯೂಸ್ ತೆಗೀರಿ. ಆಮೇಲೆ ಮಾತು... ತೆಗೆದ್ರಾ? ಕಿಸೆಗೆ ಹಾಕ್ಕಳಿ. ಯಾರು ಕೇಳಿದ್ರೂ ಕೊಡ್ಬೇಡಿ.

ಐಸ್ ಫ್ಯಾಕ್ಟರಿ ಧಣಿ ಎಂತ ಹೇಳ್ತ್ರು?... ಬೋಟಿನವ್ರು ಐಸಿಗೆ ಕಾಯ್ತವ್ರೆ, ಗೊತ್ತು ನಂಗೆ. ಹತ್ತು ಎಂಎಂ ರೋಲ್ ಇಲ್ಲೇ ಅದೆ. ನಾನೇ ಕತ್ತರಿಸಿ ಸ್ಕೂಟಿ ಮೇಲೆ ತತ್ತೆ. ಒಂದು ತಾಸು, ಅಷ್ಟೇ. ಹೊನ್ನಾವರ ಎಂತ ದೂರವಾ?...

ಬೈತ್ರಾ? ಬೈಲಿ. ಸುಷ್ಮಾ ಬೇಡ ಅಂದ್ಲು ಹೇಳಿ... ಮಹಾಗಣಪತಿ ಧಣಿ ಕೈಗೇ ಫೋನ್ ಕೊಡಿ, ನಾ ಮಾತಾಡ್ತೆ...

ಧಣಿ ಒಳಗೆ ಹೋದ್ರಾ? ಎಂತಕ್ಕೆ?... ಮಂಜಕ್ಕ ಎಲ್ಲವ್ರೆ?... ಮಶೀನ್ ಹತ್ರವೇ? ಈಚೆ ಕರೀರಿ ಅವ್ರನ್ನ. ಜೋರಾಗಿ ಕರೀರಿ...

ಅದೆಂತ ಸದ್ದು?... ಬೊಮ್ಮಣ್ಣ, ಮಶೀನಾ ಅದು? ಫ್ಯೂಸ್ ನಿಮ್ಮ ಕಿಸೇಲೇ ಅದೆ ಅಲ್ವಾ?...

ಫ್ಯೂಸ್ ಜಾಗದಲ್ಲಿ ಧಣಿ ಎಂತ ಸಿಕ್ಕಿಸಿದ್ರು? ತಂತಿಯಾ?... ಆ ತುಂಡಿಂದ ಕಿತ್ತದ್ದಾ? ನನ್ನ ಜಾಳಿ ತಂತಿಯೇ?...

ಓಡಿ ಬೊಮ್ಮಣ್ಣ! ನಂಗೆಂತ ಹೇಳ್ತ್ರಿ, ಓಡಿ! ಮಂಜಕ್ಕನ ಕೈ ಹಿಡೀರಿ...

ಯಾರು ಕೂಗಿದ್ದು?... ನೀವಾ, ಮಂಜಕ್ಕನಾ?... ಹಲೋ? ಬೊಮ್ಮಣ್ಣ, ಯಾರು ಕೂಗಿದ್ದು? ಹಲೋ... ಹಲೋ...